ನೆಟ್ಟವರು ಬಾಳ ಮಂದಿ, ನೀರು ಹಾಕೋರು ಯಾರು?

ಗಡಿ ಭಾಗದ ಶಾಲೆ-ಕಾಲೇಜು ಹುಡುಗರ ಶ್ರಮದಾನ: ಮಳೆಗಾಲದ ಉತ್ಸಾಹ ಬೇಸಿಗೆಗೂ ಉಳಿಯಬೇಕು

ಜತ್ತ: ಜೂನ್ 5 ಬಂತೆಂದರೆ ಪ್ರಭಾತ ಫೇರಿ, ಜುಲೈ ಬಂತೆಂದರೆ ವನಮಹೋತ್ಸವ. ಶಾಲೆ ಅಂಗಳದಲ್ಲಿ, ಊರ ಹೊರಗಿನ ಗಾಯರಾಣದಲ್ಲಿ, ರಸ್ತೆ ಬದಿಯಲ್ಲಿ ಗುಂಡಿ ತೋಡಿ ಗಿಡ ನೆಡುವುದು ಗಡಿಭಾಗದ ಹಳ್ಳಿಗಳಲ್ಲಿ ಪ್ರತಿ ವರ್ಷದ ಸಂಗತಿ. ಸರಪಂಚರು ಬರುತ್ತಾರೆ, ಗ್ರಾಮಸೇವಕರು ಬರುತ್ತಾರೆ, ಹಿಡಿ ಮಣ್ಣು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಗುಂಡಿ ತೋಡಿದ ಹುಡುಗರು ಮಾತ್ರ ಫೋಟೊದ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ.

ಅದೇ ಜಾಗಕ್ಕೆ ಮುಂದಿನ ಮೇ ತಿಂಗಳಲ್ಲಿ ಹೋಗಿ ನೋಡಬೇಕು. ಗುಂಡಿ ಇರುತ್ತದೆ, ಗುಂಡಿಯಲ್ಲಿ ಒಣಗಿದ ಕಡ್ಡಿ ಇರುತ್ತದೆ. ಕೆಲವು ಕಡೆ ಕಡ್ಡಿಯೂ ಇರುವುದಿಲ್ಲ, ಆಡು-ಕುರಿ ತಿಂದು ಹೋಗಿರುತ್ತವೆ. ಜುಲೈ ಬಂದರೆ ಮತ್ತೆ ಅದೇ ಗುಂಡಿ, ಹೊಸ ಗಿಡ, ಹೊಸ ಫೋಟೊ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನು ಅಂತಾರೆ ಹಿರಿಯರು. ಆದರೆ ಐದುನೂರು ಮಿಲಿಮೀಟರ್ ಮಳೆಯ ಈ ಸೀಮೆಯಲ್ಲಿ ನೆಟ್ಟ ಗಿಡಕ್ಕೆ ಆ ಭರವಸೆ ಸಾಲದು.

ಹುಡುಗರಲ್ಲಿ ಉತ್ಸಾಹ ಕಡಿಮೆ ಇಲ್ಲ. ಕಡಿಮೆ ಬಿದ್ದಿರುವುದು ಹೊಂದಾಣಿಕೆ. ಶಾಲೆ-ಕಾಲೇಜಿನ ಕ್ಯಾಲೆಂಡರ್ ಒಂದು, ಮಳೆಯ ಕ್ಯಾಲೆಂಡರ್ ಇನ್ನೊಂದು. ಇವೆರಡೂ ಕೂಡಿದ ಕಡೆ ಗಿಡ ಬದುಕಿದೆ, ಕೂಡದ ಕಡೆ ಹುಡುಗರ ಬೆವರು ಮಣ್ಣುಪಾಲಾಗಿದೆ.

ನೀರಿನ ಬೆಲೆ ಬಲ್ಲ ಸೀಮೆ

ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ ಇವೆಲ್ಲ ಸಹ್ಯಾದ್ರಿಯ ಮಳೆ ನೆರಳಿನ ತಾಲೂಕುಗಳು. ಮೋಡ ಬರುತ್ತದೆ, ನೆರಳು ಕೊಟ್ಟು ಮುಂದೆ ಹೋಗುತ್ತದೆ. 1972ರ ಬರದಲ್ಲಿ ಕಲ್ಲು ಒಡೆದು, ಕೆರೆ ಕೆಲಸಕ್ಕೆ ಹೋಗಿ ಹೊಟ್ಟೆ ಹೊರೆದ ಅಜ್ಜ-ಅಜ್ಜಿಯರು ಇಂದಿಗೂ ಆ ಕಥೆ ಹೇಳುತ್ತಾರೆ. ಇವತ್ತಿನ ಕಾಲೇಜು ಹುಡುಗರಿಗೆ ನೆನಪಿರುವ ಬರ 2016ರದು. ಆ ವರ್ಷದ ಏಪ್ರಿಲ್‌ನಲ್ಲಿ ಇದೇ ಸಾಂಗ್ಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಮೊದಲ ಸಲ ಹೋದದ್ದು 10 ಟ್ಯಾಂಕ್ ವ್ಯಾಗನ್, ಸುಮಾರು 5 ಲಕ್ಷ ಲೀಟರ್.

ಜತ್ತದ ಪೂರ್ವ ಭಾಗದ ಉಮದಿ, ಸಂಖ, ಮಾಡಗ್ಯಾಳ ಕಡೆಯ ಕನ್ನಡ ಹಳ್ಳಿಗಳಿಗೆ ನೀರು ಬರೀ ಬೆಳೆಯ ಪ್ರಶ್ನೆಯಾಗಿ ಉಳಿದಿಲ್ಲ. ನೀರು ಸಿಗಲಿಲ್ಲವೆಂದು ಇಲ್ಲಿನ ಸುಮಾರು 40 ಗ್ರಾಮಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರ ನವೆಂಬರ್‌ನಲ್ಲಿ ಅದೇ ಮಾತು ಮತ್ತೆ ಎದ್ದು ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆಯ ಮಾತು ಇಲ್ಲಿ ಕಟ್ಟೆ ಕಟ್ಟೆಯ ಮೇಲೂ ನಡೆಯುತ್ತದೆ. ದೊಡ್ಡ ಕಾಲುವೆ ಸರಕಾರದ ಕೆಲಸ. ಆದರೆ ಊರ ಮೇಲೆ ಬಿದ್ದ ಮಳೆಯನ್ನು ಊರಲ್ಲೇ ನಿಲ್ಲಿಸುವುದು ಊರಿನ ಕೆಲಸ. ಆ ಕೆಲಸಕ್ಕೆ ಸನಿಕೆ-ಬುಟ್ಟಿ ಹಿಡಿದು ಬರುವವರಲ್ಲಿ ವಿದ್ಯಾರ್ಥಿಗಳದೇ ದೊಡ್ಡ ಪಾಲು.

ಇನ್ನೊಂದು ಸಂಗತಿ ಮರೆಯಬಾರದು. ದೀಪಾವಳಿ ಆದ ಮೇಲೆ ಈ ಹಳ್ಳಿಗಳ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ-ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗುತ್ತಾರೆ. ಎಷ್ಟೋ ಮಕ್ಕಳೂ ಅವರ ಬೆನ್ನಿಗೆ ಹೋಗುತ್ತಾರೆ. ಕಾರ್ಖಾನೆ ಹಂಗಾಮು ಮುಗಿಸಿ ತಿರುಗಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಜುಲೈದಲ್ಲಿ ಗಿಡ ನೆಟ್ಟ ಹುಡುಗ ಜನವರಿಯಲ್ಲಿ ಊರಲ್ಲೇ ಇಲ್ಲದಿದ್ದರೆ ಆ ಗಿಡಕ್ಕೆ ನೀರು ಹಾಕೋರು ಯಾರು? ಊರಲ್ಲಿ ಉಳಿದವರು ಮುದುಕ-ಮುದುಕಿಯರು ಮಾತ್ರ.

ಏಳು ದಿನದ ಶಿಬಿರ

ಕಾಲೇಜು ವಿದ್ಯಾರ್ಥಿಗಳ ಸೇವೆಗೆ ದೊಡ್ಡ ಬಾಗಿಲೆಂದರೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿ ಇರುವ ಎನ್‌ಎಸ್‌ಎಸ್. ಗಾಂಧೀಜಿ ಜನ್ಮಶತಾಬ್ದಿ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40 ಸಾವಿರ ಸ್ವಯಂಸೇವಕರಿಂದ ಇದು ಆರಂಭವಾಯಿತು. ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ತಾಸಿನಂತೆ ಎರಡು ವರ್ಷಕ್ಕೆ 240 ತಾಸು ಸೇವೆ ಮಾಡಬೇಕು. ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನದ ಶಿಬಿರಕ್ಕೆ ಹೋಗಬೇಕು.

ಶಿಬಿರದ ದಿನಚರಿ ನೋಡಿದವರಿಗೆ ಗೊತ್ತು. ನಸುಕಿನಲ್ಲಿ ಏಳುವುದು, ಪ್ರಾರ್ಥನೆ, ಆಮೇಲೆ ಬಿಸಿಲೇರುವ ತನಕ ಶ್ರಮದಾನ. ಮಧ್ಯಾಹ್ನ ಭಾಷಣ, ಇದಕ್ಕೆ ಈ ಕಡೆ ‘ಬೌದ್ಧಿಕ’ ಎನ್ನುತ್ತಾರೆ. ಸಂಜೆ ಊರ ಸಮೀಕ್ಷೆ, ರಾತ್ರಿ ಗುಡಿ ಮುಂದೆ ನಾಟಕ-ಹಾಡು. ಮನೆಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರುತ್ತದೆ. ಪೇಟೆ ಹುಡುಗರು ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಕೂಡುತ್ತಾರೆ. ಮೂರನೇ ದಿನಕ್ಕೆ ಸನಿಕೆ ಹಿಡಿಯುವ ರೀತಿ ಕಲಿತಿರುತ್ತಾರೆ.

ಶಾಲೆ ಮಕ್ಕಳಿಗೆ 2001-02ರಲ್ಲಿ ಕೇಂದ್ರ ಸರಕಾರ ಶುರುಮಾಡಿದ ರಾಷ್ಟ್ರೀಯ ಹರಿತ ಸೇನೆ ಇದೆ. ಜಿಲ್ಹಾ ಪರಿಷತ್ತಿನ ಕನ್ನಡ ಶಾಲೆ ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕದಲ್ಲೇ ಪರಿಸರ ಅಭ್ಯಾಸ ಓದುತ್ತಾರೆ. ಪದವಿ ತರಗತಿಗಳಿಗೂ ಪರಿಸರ ವಿಷಯ ಕಡ್ಡಾಯವಾಗಿ ಬಂದಿದೆ. ಪರಿಸರ ಶಿಕ್ಷಣದ ಬಗ್ಗೆ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವೇ ಅದರ ಮೂಲ. ಅಂದರೆ ಪಾಠಕ್ಕೆ ಕೊರತೆ ಇಲ್ಲ, ಕೈಗಳಿಗೂ ಕೊರತೆ ಇಲ್ಲ.

ಕೋಟಿ ಲೆಕ್ಕದ ಪಾಠ

ಮಹಾರಾಷ್ಟ್ರದಲ್ಲಿ 2016ರ ಜುಲೈ 1ರಂದು ಒಂದೇ ದಿನ 2 ಕೋಟಿ ಗಿಡ ನೆಡುವ ಗುರಿಯಿಂದ ದೊಡ್ಡ ಅಭಿಯಾನ ಆರಂಭವಾಯಿತು. 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಎಂದು ಗುರಿ ಬೆಳೆಯುತ್ತ ಹೋಯಿತು. ಶಾಲೆ-ಕಾಲೇಜಿನ ಮಕ್ಕಳು ಇದರಲ್ಲಿ ಮುಂಚೂಣಿಯಲ್ಲಿದ್ದರು. ನೆಟ್ಟಿದ್ದರಲ್ಲಿ ಬದುಕಿದ್ದೆಷ್ಟು ಎಂಬ ವಾದ ಮಾತ್ರ ಮುಂದೆ ವಿಧಾನಮಂಡಲಕ್ಕೂ ಹೋಯಿತು. 2021ರಲ್ಲಿ ಅದರ ವಿಚಾರಣೆಗೆ ಶಾಸಕರ ಸಮಿತಿಯನ್ನೇ ನೇಮಿಸಬೇಕಾಯಿತು. ರಾಜಕೀಯದ ಮಾತು ಬೇರೆ. ಹುಡುಗರು ಕಲಿಯಬೇಕಾದ ಪಾಠ ಬೇರೆ: ಗುರಿ ನೆಡುವುದಕ್ಕೆ ಇದ್ದರೆ ನೆಟ್ಟ ಲೆಕ್ಕ ಸಿಗುತ್ತದೆ, ಬದುಕಿಸುವುದಕ್ಕೆ ಇದ್ದರೆ ಮಾತ್ರ ಬದುಕಿದ ಲೆಕ್ಕ ಸಿಗುತ್ತದೆ.

ಅದೇ ವರ್ಷಗಳಲ್ಲಿ ಇನ್ನೊಂದು ಬಗೆಯ ಶ್ರಮದಾನವೂ ನಡೆಯಿತು. ನಟ ಆಮೀರ್ ಖಾನ್, ಕಿರಣ್ ರಾವ್ ಮೊದಲಾದವರ ಪಾನಿ ಫೌಂಡೇಶನ್ 2016ರಲ್ಲಿ ಮೂರು ತಾಲೂಕುಗಳಲ್ಲಿ ‘ವಾಟರ್ ಕಪ್’ ಸ್ಪರ್ಧೆ ಶುರುಮಾಡಿತು. 2017ರಲ್ಲಿ 30, 2018ರಲ್ಲಿ 75 ತಾಲೂಕುಗಳಿಗೆ ಅದು ಹಬ್ಬಿತು. 2018ರಲ್ಲಿ ಏಪ್ರಿಲ್ 8ರಿಂದ ಮೇ 22ರ ತನಕ 45 ದಿನ ಹಳ್ಳಿಗೆ ಹಳ್ಳಿಯೇ ಗುಡ್ಡ ಹತ್ತಿ ಮಣ್ಣು ಅಗೆಯಿತು. ಮೇ 1ರ ಮಹಾರಾಷ್ಟ್ರ ದಿನದಂದು ಪೇಟೆಯಿಂದ ಸಾವಿರಾರು ವಿದ್ಯಾರ್ಥಿಗಳು ಬಂದು ಕೈ ಜೋಡಿಸಿದರು.

ಇದರಲ್ಲಿ ಗಮನಿಸಬೇಕಾದದ್ದು ವೇಳೆ. ಮಳೆಗೆ ಮುಂಚೆ, ನೆಲ ಬರಿದಾಗಿರುವಾಗ, ಹೊಲದ ಕೆಲಸ ಇಲ್ಲದಾಗ ಈ ಶ್ರಮದಾನ ನಡೆಯಿತು. ಅಗೆದ ಕಾಲುವೆಗೆ ಜೂನ್‌ನಲ್ಲೇ ನೀರು ಬಂತು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಅಗೆಯುವ ಈ ಕಾಲುವೆಗೆ ಮರಾಠಿಯಲ್ಲಿ ‘ಸಮತಲ ಚರ’ ಎನ್ನುತ್ತಾರೆ. ಮೂರು ಕಟ್ಟಿಗೆ ಕೂಡಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ ಎ-ಫ್ರೇಮ್ ಇದ್ದರೆ ಏಳನೇ ತರಗತಿ ಹುಡುಗನೂ ಮಟ್ಟ ಹಿಡಿಯಬಲ್ಲ.

ಲೆಕ್ಕ ಸರಳ. 10 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಾಲುವೆಯಲ್ಲಿ ಒಂದು ಸಲ ತುಂಬಿದರೆ 1,800 ಲೀಟರ್ ನೀರು ನಿಲ್ಲುತ್ತದೆ. ಅಂಥ ನೂರು ಕಾಲುವೆ ಇದ್ದರೆ 1 ಲಕ್ಷ 80 ಸಾವಿರ ಲೀಟರ್. ಆದರೆ ಮಳೆ ನೀರಿನ ಜತೆ ಹೂಳೂ ಬರುತ್ತದೆ. ಅರ್ಧ ಹೂಳು ತುಂಬಿದರೆ ನೀರೂ ಅರ್ಧಕ್ಕಿಳಿಯಿತು. ಅಗೆದ ವರ್ಷ ನೂರು ಮಂದಿ ಸೇರುತ್ತಾರೆ, ಹೂಳೆತ್ತುವ ವರ್ಷ ಹತ್ತು ಮಂದಿಯೂ ಸೇರುವುದಿಲ್ಲ. ಗಿಡದ್ದೂ ಇದೇ ಕಥೆ, ಕಾಲುವೆಯದ್ದೂ ಇದೇ ಕಥೆ.

ವೇಳೆ ತಪ್ಪಿದ ಬಂಧಾರಾ

ಎನ್‌ಎಸ್‌ಎಸ್ ಶಿಬಿರಗಳಲ್ಲಿ ಹುಡುಗರಿಗೆ ಇಷ್ಟದ ಕೆಲಸ ‘ವನರಾಯಿ ಬಂಧಾರಾ’. ಸಿಮೆಂಟಿನ ಖಾಲಿ ಚೀಲಗಳಲ್ಲಿ ಮಣ್ಣು-ಉಸುಕು ತುಂಬಿ, ಬಾಯಿ ಹೊಲಿದು, ಹಳ್ಳಕ್ಕೆ ಅಡ್ಡಲಾಗಿ ಪೇರಿಸಿದರೆ ಮುಗಿಯಿತು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಒಡ್ಡಿನ ಹಿಂದೆ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ, ದನಕರುಗಳಿಗೆ ಕುಡಿಯಲು ಆಗುತ್ತದೆ.

ಇದನ್ನು ಕಟ್ಟಬೇಕಾದದ್ದು ಮಳೆ ಹಿಂದೆ ಸರಿಯುವಾಗ, ಹಳ್ಳದಲ್ಲಿ ಸಣ್ಣ ಹರಿವು ಇನ್ನೂ ಇರುವಾಗ. ನಮ್ಮ ಕಡೆ ಅದು ಅಕ್ಟೋಬರ್, ಬಹಳವೆಂದರೆ ನವೆಂಬರ್. ಆದರೆ ಕಾಲೇಜು ಶಿಬಿರಗಳು ಬಹುತೇಕ ಡಿಸೆಂಬರ್-ಜನವರಿಯಲ್ಲಿ, ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಬರುತ್ತವೆ. ಅಷ್ಟೊತ್ತಿಗೆ ಹಳ್ಳ ಬತ್ತಿರುತ್ತದೆ. ಒಣ ಹಳ್ಳಕ್ಕೆ ಕಟ್ಟಿದ ಬಂಧಾರಾ ಶಿಬಿರದ ವರದಿಯಲ್ಲಿ ಇರುತ್ತದೆ, ನೀರು ಇರುವುದಿಲ್ಲ. ಏಳು ದಿನದ ಶಿಬಿರ ಯಾವಾಗ ಬೇಕಾದರೂ ಆಗಲಿ. ಬಂಧಾರಾ ಮಾತ್ರ ಅಕ್ಟೋಬರ್‌ನ ಎರಡು ರವಿವಾರ ಕಟ್ಟಿದರೆ ಅದೇ ಬೆವರಿಗೆ ಫಲ ಸಿಗುತ್ತದೆ. ಆ ದಿನಗಳೂ 120 ತಾಸಿನ ಲೆಕ್ಕಕ್ಕೆ ಹಿಡಿಯಬಹುದು.

ಕೈ ತೊಳೆದ ನೀರೇ ಸಾಕು

ಹಾಗಾದರೆ ಬೇಸಿಗೆಯಲ್ಲಿ ಗಿಡ ಬದುಕಿಸುವ ದಾರಿ ಏನು? ಅದು ಹಳ್ಳಿಗೆ ಗೊತ್ತಿಲ್ಲದ್ದೇನಲ್ಲ.

ಮಧ್ಯಾಹ್ನ ಖಿಚಡಿ ಊಟ ಮಾಡುವ 150 ಮಕ್ಕಳ ಶಾಲೆಯನ್ನು ತೆಗೆದುಕೊಳ್ಳೋಣ. ತಾಟು, ಕೈ ತೊಳೆಯಲು ಮಗುವಿಗೆ ಒಂದು ಲೀಟರ್ ಹಿಡಿದರೂ ದಿನಕ್ಕೆ 150 ಲೀಟರ್, ವಾರದ ಆರು ದಿನಕ್ಕೆ 900 ಲೀಟರ್. ಒಂದು ಎಳೆ ಗಿಡಕ್ಕೆ ವಾರಕ್ಕೆ 10 ಲೀಟರ್ ಎಂದರೆ 90 ಗಿಡಗಳ ನೀರು ದಿನಾ ಗಟಾರಕ್ಕೆ ಹೋಗುತ್ತಿದೆ. ಮಕ್ಕಳು ಕೈ ತೊಳೆಯುವ ಕಟ್ಟೆಯಿಂದ ಒಂದು ಸಣ್ಣ ಕಾಲುವೆ ತೆಗೆದು ಗಿಡದ ಸಾಲಿಗೆ ಬಿಟ್ಟರೆ ಕೊಡ ಹೊರುವ ಕೆಲಸವೂ ಉಳಿಯಿತು. ಅದಕ್ಕೆ ಅರ್ಜಿ ಬೇಡ, ಅನುದಾನ ಬೇಡ.

ದೂರದ ಗಿಡಗಳಿಗೆ ಗಡಿಗೆ ಉಪಾಯ ಹಳೆಯದು. ಬುಡದ ಬದಿಗೆ ಮಣ್ಣಿನ ಗಡಿಗೆ ಹುಗಿದು, ತಳಕ್ಕೆ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ಇಟ್ಟು, ಬಾಯಿ ಮುಚ್ಚಿದರೆ ನೀರು ಮೆಲ್ಲಗೆ ಬೇರಿಗೆ ಇಳಿಯುತ್ತದೆ. ಮೇಲೆ ಸುರಿದ ನೀರಿನಂತೆ ಬಿಸಿಲಿಗೆ ಆರಿ ಹೋಗುವುದಿಲ್ಲ. ಬುಡಕ್ಕೆ ತೊಗರಿ ಕಟ್ಟಿಗೆ, ಒಣ ಎಲೆ, ಕಬ್ಬಿನ ರವದಿ ಮುಚ್ಚಿದರೆ ತೇವ ಇನ್ನಷ್ಟು ದಿನ ನಿಲ್ಲುತ್ತದೆ. ಮಾಡಗ್ಯಾಳ ಕುರಿಗೆ ಹೆಸರಾದ ಈ ಸೀಮೆಯಲ್ಲಿ ಜಾಲಿ ಮುಳ್ಳಿನ ಬೇಲಿ ಇಲ್ಲದೆ ಯಾವ ಗಿಡವೂ ಉಳಿಯದು. ಬೇಲಿ ಹಾಕಲು ಆಗದಷ್ಟು ಗಿಡ ನೆಡುವುದೇ ಬೇಡ.

ಕಾಲೇಜಿನ ಲೆಕ್ಕವನ್ನೂ ನೋಡಿ. 100 ಸ್ವಯಂಸೇವಕರ ಒಂದು ಎನ್‌ಎಸ್‌ಎಸ್ ಘಟಕ ವರ್ಷಕ್ಕೆ 12,000 ತಾಸು ಸೇವೆ ಕೊಡುತ್ತದೆ. ಫೆಬ್ರವರಿಯಿಂದ ಮೇ ತನಕ 16 ವಾರ, ವಾರಕ್ಕೆ ನಾಲ್ಕು ಮಂದಿ, ತಲಾ ಎರಡು ತಾಸು ನೀರಿನ ಪಾಳಿ ಮಾಡಿದರೆ ಒಟ್ಟು 128 ತಾಸು. ಇಡೀ ವರ್ಷದ ಸೇವೆಯಲ್ಲಿ ನೂರಕ್ಕೆ ಒಂದರಷ್ಟು. ಈ ಒಂದು ಪಾಲು ಎತ್ತಿಡದೇ ಹೋದದ್ದಕ್ಕೆ ಉಳಿದ ಕೆಲಸದ ಫಲ ಒಣಗುತ್ತಿದೆ.

ರಜೆಯ ದಿನಗಳ ಪಾಳಿಗೆ ಊರಲ್ಲಿ ಉಳಿದ ಹಿರಿಯರನ್ನು ಜತೆಗೆ ತೆಗೆದುಕೊಳ್ಳಬೇಕು. ಗಿಡಕ್ಕೆ ಒಂದು ಹೆಸರು, ಒಂದು ಮನೆ, ಒಬ್ಬ ಅಜ್ಜಿ ಎಂದು ಗೊತ್ತುಮಾಡಿದರೆ ಸಾಕು. ಮನೆ ಮುಂದಿನ ಬೇವನ್ನು ಮುಸುರೆ ತೊಳೆದ ನೀರಿನಿಂದಲೇ ದೊಡ್ಡದು ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳಬೇಕು, ಅಷ್ಟೇ.

ಎಲ್ಲಾ ಬಯಲೂ ಬರಿದಲ್ಲ

ಎಲ್ಲಿ ನೆಡಬೇಕು ಎಂಬಷ್ಟೇ ಮುಖ್ಯ, ಎಲ್ಲಿ ನೆಡಬಾರದು ಎಂಬುದು. ಹುಲ್ಲಿನ ಮಾಳ ಕಂಡರೆ ಖಾಲಿ ಜಾಗ ಎಂದು ಗುಂಡಿ ತೋಡುವ ರೂಢಿ ಇದೆ. ಸೊಲ್ಲಾಪುರ ಹತ್ತಿರದ ನಾನ್ನಜ ಇದಕ್ಕೆ ಉತ್ತರ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಹೆಬ್ಬಕ, ಎರಲಡ್ಡು ಎಂದು ಕರೆಯುವ ದೊಡ್ಡ ಹಕ್ಕಿಗಾಗಿ 1979ರಲ್ಲಿ ಇಲ್ಲಿ ಅಭಯಾರಣ್ಯ ಘೋಷಿಸಲಾಯಿತು. ಮೊದಲು 8,496 ಚದರ ಕಿಲೋಮೀಟರ್ ಇದ್ದದ್ದನ್ನು 2012ರಲ್ಲಿ 1,222 ಚದರ ಕಿಲೋಮೀಟರಿಗೆ ಇಳಿಸಿದರು. ಹಕ್ಕಿಗಳು ಬೆರಳೆಣಿಕೆಗೆ ಬಂದವು. ಈ ಹಕ್ಕಿಗೆ ಬೇಕಾದದ್ದು ಮರವಲ್ಲ, ದೂರದ ತನಕ ಕಣ್ಣು ಹಾಯುವ ಹುಲ್ಲುಗಾವಲು. ಕೃಷ್ಣಮೃಗಕ್ಕೂ ತೋಳಕ್ಕೂ ಅದೇ ಮನೆ. ಅಂಥ ಕಡೆ ಗ್ಲಿರಿಸಿಡಿಯಾದಂಥ ಪರದೇಶಿ ಗಿಡ ನೆಟ್ಟು ಹಸಿರು ಮಾಡಿದರೆ ಇದ್ದ ಜೀವವೂ ಜಾಗ ಬಿಡುತ್ತದೆ.

ಬುದ್ಧ ಪೂರ್ಣಿಮೆಯ ಬೆಳದಿಂಗಳಲ್ಲಿ ಅರಣ್ಯ ಇಲಾಖೆ ನೀರಿನ ತಾಣಗಳ ಬಳಿ ಪ್ರಾಣಿ ಗಣತಿ ಮಾಡುತ್ತದೆ. ಸ್ವಯಂಸೇವಕರು ರಾತ್ರಿಯಿಡೀ ಮಂಚಾಣದ ಮೇಲೆ ಸುಮ್ಮನೆ ಕೂತು ಬಂದ ಪ್ರಾಣಿಯ ಲೆಕ್ಕ ಬರೆಯುತ್ತಾರೆ. ಸನಿಕೆ ಹಿಡಿಯದೆಯೂ ಮಾಡಬಹುದಾದ ಸೇವೆ ಇದು. ನೆಡುವ ಜಾಗ ಬೇಕಾದವರಿಗೆ ರಸ್ತೆ ಬದಿ, ಶಾಲೆ ಅಂಗಳ, ಹೊಲದ ಬದು, ಹಳ್ಳದ ದಂಡೆ ಬೇಕಾದಷ್ಟಿವೆ. ಅಲ್ಲಿಗೆ ಬೇವು, ಹುಣಸೆ, ಬನ್ನಿ, ಬಾರಿ, ಹೊಂಗೆ, ಆಲ ಸರಿಯಾದವು. ಒಮ್ಮೆ ಬೇರು ಹಿಡಿದರೆ ಬರಕ್ಕೆ ಬಗ್ಗುವುದಿಲ್ಲ.

ಎರಡು ಭಾಷೆಯ ಸೇತುವೆ

ಗಡಿಭಾಗದ ವಿದ್ಯಾರ್ಥಿಗಳ ಕೈಯಲ್ಲಿ ಬೇರೆ ಕಡೆಯ ಹುಡುಗರಿಗೆ ಇಲ್ಲದ ಒಂದು ಸಾಮಾನು ಇದೆ. ಅದು ಎರಡು ಭಾಷೆ. ಸರಕಾರದ ಪರಿಪತ್ರ, ಫಲಕ, ಭಿತ್ತಿಪತ್ರ ಮರಾಠಿಯಲ್ಲಿ ಬರುತ್ತವೆ. ನಾಗಣಸೂರ, ತೋಳನೂರ, ಉಮದಿಯ ಅಜ್ಜಿಗೆ ತಿಳಿಯುವುದು ಕನ್ನಡ. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಬಂದಿ ಆದೇಶ ಹೊರಡಿಸಿದಾಗ, 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಸಾಮಾನುಗಳು ದೇಶಕ್ಕೆಲ್ಲ ನಿಷೇಧವಾದಾಗ ಸಂತೆಯಲ್ಲಿ ಅಂಗಡಿಯವರಿಗೆ, ಮನೆಯಲ್ಲಿ ಹಿರಿಯರಿಗೆ ತಿಳಿಸಿ ಹೇಳುವ ಕೆಲಸಕ್ಕೆ ಇಂಥ ಎರಡು ಭಾಷೆಯ ಮಕ್ಕಳೇ ಬೇಕು. ಗಣಪತಿ ವಿಸರ್ಜನೆಯ ದಿನ ನಿರ್ಮಾಲ್ಯ ನೀರಿಗೆ ಬೀಳದಂತೆ ದಂಡೆಯಲ್ಲೇ ಸಂಗ್ರಹಿಸಿ ಗೊಬ್ಬರ ಮಾಡುವುದು, ಹೋಳಿಗೆ ಹಸಿ ಮರ ಕಡಿಯಬೇಡಿ ಎಂದು ಓಣಿ ಓಣಿಗೆ ಹೇಳುವುದು ಇಂಥವೂ ಆಜ್ಞೆಯಿಂದ ಆಗುವುದಿಲ್ಲ, ಮನೆಮಾತಿನಲ್ಲಿ ಹೇಳಿದರೆ ಆಗುತ್ತದೆ.

ಶ್ರಮದಾನ ಎಂಬ ಮಾತು ಶಾಲೆಯಲ್ಲಿ ಕಲಿತದ್ದಿರಬಹುದು, ಸಂಗತಿ ಮಾತ್ರ ಈ ಮಣ್ಣಿಗೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಮಣ್ಣು ಹೊರುವುದನ್ನೇ ಪೂಜೆ ಎಂದು ತಿಳಿದವರು ಆ ಶರಣರು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹೋದವರೆಲ್ಲ ಆ ಕೆರೆಯ ದಂಡೆ ತುಳಿದವರೇ. ಮರಾಠಿ ನಾಡಿನಲ್ಲಿ ಹಗಲು ಕಸಬರಿಗೆ ಹಿಡಿದು ಊರು ಗುಡಿಸಿ, ರಾತ್ರಿ ಕೀರ್ತನೆ ಮಾಡಿದ ಸಂತ ಗಾಡಗೇ ಬಾಬಾ ಅವರ ಹೆಸರಿನಲ್ಲಿ 2000-01ರಿಂದ ಗ್ರಾಮಸ್ವಚ್ಛತಾ ಅಭಿಯಾನ ಶುರುವಾಯಿತು. ಈ ಇಬ್ಬರೂ ಗಡಿಭಾಗದ ಮಕ್ಕಳಿಗೆ ಮನೆಯ ಹಿರಿಯರಿದ್ದಂತೆ.

ಸಿದ್ಧರಾಮರ ಕೆರೆ ಒಂದು ದಿನದ ಉತ್ಸವದಲ್ಲಿ ಆಗಲಿಲ್ಲ. ಕಟ್ಟಿದ ಮೇಲೂ ತಲೆಮಾರುಗಳು ಅದನ್ನು ಕಾಯಬೇಕಾಯಿತು. ಈ ಮಾತನ್ನು ಶಾಲೆಗಳು ಒಂದು ವಹಿಯಲ್ಲಿ ಬರೆದಿಟ್ಟುಕೊಂಡರೂ ಸಾಕು. ಎಡಗಡೆ ನೆಟ್ಟ ಗಿಡ, ಬಲಗಡೆ ಬದುಕಿದ ಗಿಡ. ಎಡಗಡೆ ಅಗೆದ ಕಾಲುವೆ, ಬಲಗಡೆ ಹೂಳೆತ್ತಿದ ಕಾಲುವೆ. ಹತ್ತನೇ ತರಗತಿ ಮುಗಿಸಿ ಹೋಗುವ ಹುಡುಗ ಆ ವಹಿಯನ್ನು ಒಂಬತ್ತನೆಯ ಹುಡುಗನ ಕೈಗೆ ಕೊಟ್ಟು ಹೋಗಬೇಕು.

ಮುಂದಿನ ಜೂನ್ 5ರಂದು ಹೊಸ ಗುಂಡಿ ತೋಡುವ ಮೊದಲು ಒಂದು ತಾಸು ಕಳೆದ ವರ್ಷದ ಗಿಡ ಎಣಿಸಲು ತೆಗೆದಿಡಲಿ. ನೂರಕ್ಕೆ ಎಂಬತ್ತು ಉಳಿದಿದ್ದರೆ ಆ ಶಾಲೆಗೆ ಹಾರ ಹಾಕಲಿ. ಇಪ್ಪತ್ತೇ ಉಳಿದಿದ್ದರೆ ಹೊಸದಾಗಿ ಇಪ್ಪತ್ತೇ ನೆಡಲಿ, ಆದರೆ ಆ ನಲವತ್ತಕ್ಕೂ ಮೇ ತಿಂಗಳ ನೀರಿನ ಪಾಳಿ ಅವತ್ತೇ ಬರೆದು ಗೋಡೆಗೆ ಅಂಟಿಸಲಿ. ಪಾಳಿಯಲ್ಲಿ ಗುರುಗಳ ಹೆಸರೂ ಇರಲಿ, ಸರಪಂಚರ ಹೆಸರೂ ಇರಲಿ.